ಕುಂದಲಹಳ್ಳಿಯಿಂದ ಸರ್ ಎಂ.ವಿ. ಸ್ಟೇಷನ್ನಿನವರೆಗೆ

ಕುಂದಲಹಳ್ಳಿಯಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿ ಊರೊಳಗೆ ಹೊರಟರೆ, ಮೆಜೆಸ್ಟಿಕ್‌ಗೆ ಒಂದು ಸ್ಟೇಷನ್ ಮುಂಚೆ ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ, ಸೆಂಟ್ರಲ್ ಕಾಲೇಜು ಅನ್ನೋ ಘೋಷಣೆ ಕೇಳಿಸುತ್ತೆ. ನಮ್ಮಲ್ಲಿ ಹೆಚ್ಚಿನವರು ಅಷ್ಟೊತ್ತಿಗೆ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಮೆಜೆಸ್ಟಿಕ್‌ನಲ್ಲಿ ಇಳಿಯೋಕೆ ಬಾಗಿಲ ಹತ್ತಿರ ನಿಂತಿರುತ್ತೇವೆ. ಆ ಹೆಸರು ಕಿವಿಗೆ ಬೀಳುತ್ತೆ, ತಲೆಗೆ ಹೋಗಲ್ಲ. ನಮ್ಮ ಅಂಕಪಟ್ಟಿಯ ಮೇಲಿರೋ ಯೂನಿವರ್ಸಿಟಿಯ ಹೆಸರೂ ಅವರದ್ದೇ, ಸೆಪ್ಟೆಂಬರ್ 15ರ ಎಂಜಿನಿಯರ್ಸ್ ಡೇ ಕೂಡ ಅವರ ಹುಟ್ಟುಹಬ್ಬವೇ. ಹೆಸರು ಇಷ್ಟೊಂದು ಕಡೆ ಇದ್ದುಬಿಟ್ಟರೆ ಮನುಷ್ಯ ಕಾಣಿಸದೇ ಹೋಗ್ತಾನೆ ಅನ್ಸುತ್ತೆ.

ಈ ಸಲ ಅವರ ಬಗ್ಗೆ ಬರೆಯೋಣ ಅಂತ ಹೊರಟಿದ್ದಕ್ಕೆ ಕಾರಣ ಒಂದು ನಲ್ಲಿ. ನಮ್ಮ ಬಳಗದ ಇಬ್ಬರು ಸೆಮಿಸ್ಟರ್ ರಜೆಯಲ್ಲಿ ಇಂಟರ್ನ್‌ಶಿಪ್‌ಗೆ ಅಂತ ಇಲ್ಲೇ ಹತ್ತಿರದ ಟೆಕ್ ಪಾರ್ಕ್ ಒಂದಕ್ಕೆ ಹೋಗ್ತಿದ್ರು. ಕಂಪನಿಯ ಹೆಸರು ಬೇಡ ಬಿಡಿ. ಅಲ್ಲಿ ಕೈತೊಳೆಯೋ ಜಾಗದಲ್ಲಿ ನೀರು ಉಳಿಸಿ ಅಂತ ಚಂದದ ಪೋಸ್ಟರ್ ಇತ್ತಂತೆ. ಅದರ ಕೆಳಗಿನ ನಲ್ಲಿಯನ್ನು ಎಷ್ಟು ತಿರುಗಿಸಿದರೂ ನೀರು ಪೂರ್ತಿ ನಿಲ್ತಿರಲಿಲ್ಲವಂತೆ. ಎರಡು ತಿಂಗಳೂ ಪೋಸ್ಟರ್ ಹಾಗೇ ಇತ್ತು, ನಲ್ಲಿಯೂ ಹಾಗೇ ಇತ್ತು. ಪರಿಸರ ದಿನದಂದು ಎಲ್ಲರಿಗೂ ಇಮೇಲ್ ಬಂತು, ಪ್ರತಿಜ್ಞೆ ತಗೊಂಡಿದ್ದಾಯ್ತು, ಫೋಟೋ ತೆಗೆಸಿಕೊಂಡಿದ್ದಾಯ್ತು. ಸಂಜೆ ಆರರ ಮೇಲೆ ಯಾರೂ ಇಲ್ಲದ ಮೀಟಿಂಗ್ ರೂಮಿನಲ್ಲಿ ಎಸಿ ಓಡ್ತಾನೇ ಇತ್ತು.

ಕೆಲಸದ ಜಾಗದಲ್ಲಿ ಜನ ನೀರು, ಕರೆಂಟು, ಕಾಗದವನ್ನು ಪೋಲು ಮಾಡದ ಹಾಗೆ ಮಾಡೋದು ಹೇಗೆ? ಇನ್ನೊಂದೆರಡು ವರ್ಷದಲ್ಲಿ ಇದೇ ಕುಂದಲಹಳ್ಳಿ, ಹೂಡಿ, ವೈಟ್‌ಫೀಲ್ಡ್ ಕಡೆಯ ಕಟ್ಟಡಗಳಲ್ಲಿ ಕೂರಬೇಕಾದ ನಮಗೆ ಇದು ದೂರದ ಪ್ರಶ್ನೆಯೇನಲ್ಲ. ಈ ಪ್ರಶ್ನೆ ಹಿಡಿದುಕೊಂಡು ವಿಶ್ವೇಶ್ವರಯ್ಯನವರ ಜೀವನವನ್ನು ಮತ್ತೊಮ್ಮೆ ಓದಿದಾಗ, ಶಾಲೆಯಲ್ಲಿ ಓದಿದ್ದಕ್ಕಿಂತ ಬೇರೆಯೇ ಮನುಷ್ಯ ಕಂಡರು.

ಮೊದಲು ಆ ಮೇಣದಬತ್ತಿ ಕಥೆಯನ್ನು ಪಕ್ಕಕ್ಕಿಡೋಣ. ಸರ್ಕಾರಿ ಕೆಲಸಕ್ಕೆ ಸರ್ಕಾರದ ಮೇಣದಬತ್ತಿ, ಸ್ವಂತ ಕೆಲಸಕ್ಕೆ ಸ್ವಂತ ಮೇಣದಬತ್ತಿ ಅನ್ನೋ ಕಥೆ ಪ್ರತಿ ವರ್ಷ ವಾಟ್ಸಾಪ್‌ನಲ್ಲಿ ಬಂದೇ ಬರುತ್ತೆ. ಇದೇ ಕಥೆಯನ್ನು ಬೇರೆ ಬೇರೆ ದೊಡ್ಡವರ ಹೆಸರಿನಲ್ಲೂ ನಾವು ಕೇಳಿದ್ದೇವೆ. ಕಥೆ ಚೆನ್ನಾಗಿದೆ, ಆದರೆ ಅದು ಅವರನ್ನು ಚಿಕ್ಕವರನ್ನಾಗಿ ಮಾಡುತ್ತೆ ಅನ್ನೋದು ನಮ್ಮ ಅನಿಸಿಕೆ. ಅವರು ಪೋಲು ತಡೆದದ್ದು ಮೇಣದಬತ್ತಿಯ ಲೆಕ್ಕದಲ್ಲಲ್ಲ, ಜಲಾಶಯದ ಲೆಕ್ಕದಲ್ಲಿ.

ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರ, ನಂದಿಬೆಟ್ಟದ ಬುಡದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಮನೆಯಲ್ಲಿ ದುಡ್ಡಿರಲಿಲ್ಲ, ತಂದೆ ಬೇಗ ತೀರಿಕೊಂಡರು. ಬೆಂಗಳೂರಿಗೆ ಬಂದ ಹುಡುಗ ಬೇರೆಯವರ ಮನೆಯ ಮಕ್ಕಳಿಗೆ ಪಾಠ ಹೇಳಿಕೊಟ್ಟು, ಆ ದುಡಿಮೆಯಲ್ಲೇ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಮೆಟ್ರೋದಲ್ಲಿ ಹೆಸರು ಕೂಗೋ ಸ್ಟೇಷನ್ನಿನ ಮೇಲಿರೋದು ಇದೇ ಕಾಲೇಜು. ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಯ ಕಾಲೇಜ್ ಆಫ್ ಸೈನ್ಸ್. 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ, 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್. ಕ್ಯಾಂಪಸ್ ಪ್ಲೇಸ್‌ಮೆಂಟ್ ಇಲ್ಲದ ಕಾಲದಲ್ಲಿ ಇದಕ್ಕಿಂತ ಚೆನ್ನಾಗಿ ಪ್ಲೇಸ್ ಆಗೋಕೆ ಸಾಧ್ಯವಿರಲಿಲ್ಲ.

ಸಿಂಧ್ ಪ್ರಾಂತ್ಯದ ಸುಕ್ಕೂರಿನಲ್ಲಿ ಅವರಿಗೆ ಸಿಕ್ಕಿದ ಕೆಲಸ ಊರಿಗೆ ಕುಡಿಯುವ ನೀರು ಕೊಡೋದು. ಸಿಂಧೂ ನದಿಯ ನೀರು ಕೆಸರು ಕೆಸರು. ದೊಡ್ಡ ಫಿಲ್ಟರ್ ತೊಟ್ಟಿಗಳನ್ನು ಕಟ್ಟಿಸೋಕೆ ಮುನಿಸಿಪಾಲಿಟಿಯ ಹತ್ತಿರ ದುಡ್ಡಿಲ್ಲ. ಇವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ಮರಳಿನ ಮೂಲಕ ಇಳಿದು ಬರುವ ನೀರು ತಾನೇ ಸೋಸಿಕೊಂಡು ಬರುತ್ತೆ. ಇರೋ ಮರಳೇ ಫಿಲ್ಟರ್. ಆ ವಯಸ್ಸಿಗೇ ಅವರಿಗೆ ಈ ಬುದ್ಧಿ ಇತ್ತು. ಹೊಸದಾಗಿ ತರೋ ಮುಂಚೆ, ಕಣ್ಣೆದುರು ಇರೋದು ಏನು ಮಾಡ್ತಿದೆ ಅಂತ ನೋಡೋ ಬುದ್ಧಿ.

ಇನ್ನು ನಾವು ನಿಂತು ನೋಡಬೇಕಾದದ್ದು ಪುಣೆ. ಆ ಊರಿಗೆ ನೀರು ಕೊಡುವ ಖಡಕ್‌ವಾಸ್ಲಾ ಜಲಾಶಯವನ್ನು ಆಗ ಫೈಫ್ ಸರೋವರ ಅಂತ ಕರೀತಿದ್ರು. ಮಳೆಗಾಲದಲ್ಲಿ ಕೆರೆ ತುಂಬಿ, ಮಿಕ್ಕ ನೀರು ಕೋಡಿ ಮೇಲೆ ಹರಿದು ಹೋಗ್ತಿತ್ತು, ಬೇಸಿಗೆಯಲ್ಲಿ ಪುಣೆಗೂ ಕಾಲುವೆಗೂ ನೀರು ಸಾಲ್ತಿರಲಿಲ್ಲ. ಅಣೆಕಟ್ಟನ್ನೇ ಎತ್ತರ ಮಾಡೋಣ ಅಂದರೆ ಖರ್ಚು ಒಂದು ಕಡೆ, ಹಳೇ ಗೋಡೆ ತಡೆಯುತ್ತೋ ಇಲ್ಲವೋ ಅನ್ನೋ ಭಯ ಇನ್ನೊಂದು ಕಡೆ. ಕೋಡಿಗೆ ಸಾಮಾನ್ಯ ಬಾಗಿಲುಗಳನ್ನು ಇಟ್ಟರೆ, ಪ್ರವಾಹ ಬಂದಾಗ ಯಾರಾದರೂ ಎದ್ದು ಹೋಗಿ ತೆಗೆಯಬೇಕು. ರಾತ್ರಿ ಎರಡು ಗಂಟೆಗೆ, ಗಾಳಿ ಮಳೆಯಲ್ಲಿ, ಸರಿಯಾದ ಹೊತ್ತಿಗೆ. ಒಬ್ಬ ನೌಕರ ಒಂದು ರಾತ್ರಿ ಮಲಗಿಬಿಟ್ಟರೆ ಅಣೆಕಟ್ಟೇ ಹೋಗಬಹುದು.

ವಿಶ್ವೇಶ್ವರಯ್ಯನವರು ಮಾಡಿದ್ದು ತಾನಾಗೇ ತೆರೆದು ಮುಚ್ಚಿಕೊಳ್ಳುವ ಗೇಟು. ಒಂದು ಕಡೆ ಗೇಟಿನ ಭಾರ, ಇನ್ನೊಂದು ಕಡೆ ಅದಕ್ಕೆ ಸರಿತೂಗುವ ತೂಕ. ನೀರು ನಿಗದಿಯಾದ ಮಟ್ಟ ದಾಟಿದರೆ ಸಮತೋಲ ಬದಲಾಗಿ ಗೇಟು ತೆರೆಯುತ್ತೆ, ನೀರು ಇಳಿದರೆ ಮತ್ತೆ ಮುಚ್ಚಿಕೊಳ್ಳುತ್ತೆ. ಸ್ಟ್ಯಾಟಿಕ್ಸ್ ಓದಿದ ಯಾರಿಗಾದರೂ ಚಿತ್ರ ಬರೆದರೆ ಅರ್ಥವಾಗೋ ವಿಷಯ. ಹಳೇ ಕೋಡಿಯ ಮೇಲೆ 8 ಅಡಿಯಷ್ಟು ನೀರು ಹೆಚ್ಚಾಗಿ ನಿಂತಿತು, ಗೋಡೆಯನ್ನು ಎತ್ತರಿಸದೇ. 1903ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. ಬೇರೆ ಕಡೆಗಳಲ್ಲೂ ಈ ಗೇಟು ಬಳಕೆಗೆ ಬಂತು, ಆಮೇಲೆ ನಮ್ಮ ಕನ್ನಂಬಾಡಿಗೂ ಬಂತು. ಸರ್ಕಾರದ ಕೆಲಸದಲ್ಲಿದ್ದಾಗ ಮಾಡಿದ್ದು ಅಂತ ಅವರು ರಾಯಲ್ಟಿ ತಗೊಳ್ಳಲಿಲ್ಲ.

ಈ ಗೇಟನ್ನು ನಾವು ತಾಂತ್ರಿಕ ಸಾಧನೆ ಅಂತಲೇ ಓದಿಕೊಂಡು ಬಂದಿದ್ದೇವೆ. ಇನ್ನೊಂದು ಕಡೆಯಿಂದ ನೋಡಿ. ಇಲ್ಲಿ ಬಗೆಹರಿದದ್ದು ನೌಕರರ ನಡವಳಿಕೆಯ ಸಮಸ್ಯೆ ಕೂಡ. ಕಾವಲುಗಾರನಿಗೆ ಎಚ್ಚರವಾಗಿರು ಅಂತ ಬೋರ್ಡ್ ಹಾಕಲಿಲ್ಲ. ಅವನ ಒಳ್ಳೆಯತನ, ಅವನ ನಿದ್ದೆ, ಅವನ ಆ ದಿನದ ಮೂಡು ಯಾವುದರ ಮೇಲೂ ಊರಿನ ನೀರು ನಿಲ್ಲದ ಹಾಗೆ ಮಾಡಿದರು. ಇವತ್ತು ಆಫೀಸಿನ ಪ್ರಿಂಟರ್‌ನಲ್ಲಿ ಎರಡೂ ಬದಿ ಮುದ್ರಣವನ್ನೇ ಡೀಫಾಲ್ಟ್ ಮಾಡಿಟ್ಟರೆ ಆಗೋದೂ ಇದೇ. ಜನ ಇಲ್ಲದಾಗ ತಾನೇ ಆರುವ ದೀಪದ ಸೆನ್ಸರ್ ಮಾಡೋದೂ ಇದೇ. ಯಾರೂ ಮಹಾತ್ಮರಾಗಬೇಕಿಲ್ಲ.

ಹಾಗಂತ ಎಲ್ಲವನ್ನೂ ಯಂತ್ರಕ್ಕೆ ಬಿಡೋಕಾಗಲ್ಲ ಅನ್ನೋದನ್ನೂ ಅವರು ಪುಣೆಯ ಕಡೆಯೇ ಕಲಿತರು. ನೀರಾ ಕಾಲುವೆಯ ಪ್ರದೇಶದಲ್ಲಿ ಕಬ್ಬಿನವರು ಬೇಕಾದಷ್ಟು ನೀರು ಹಾಯಿಸಿಕೊಳ್ತಿದ್ರು. ಕಾಲುವೆಯ ತಲೆಯಲ್ಲಿದ್ದವರ ಗದ್ದೆ ಜೌಗು ಹಿಡಿದು ಸೊಳ್ಳೆ, ಮಲೇರಿಯಾ. ಬಾಲದಲ್ಲಿದ್ದವರಿಗೆ ಒಣ ಕಾಲುವೆ. ಅಲ್ಲೊಂದು ಇಲ್ಲೊಂದು ಗದ್ದೆಗೆ ಉದ್ದುದ್ದ ಕಾಲುವೆ ಎಳೆದದ್ದರಿಂದ ದಾರಿಯಲ್ಲೇ ಎಷ್ಟೋ ನೀರು ಇಂಗಿ ಹೋಗ್ತಿತ್ತು. 1899ರ ಸುಮಾರಿಗೆ ಅವರು ರೂಪಿಸಿದ ಬ್ಲಾಕ್ ಪದ್ಧತಿ ಅಂದರೆ ಇಷ್ಟು: ನೀರನ್ನು ಹೆಚ್ಚು ಹಳ್ಳಿಗಳಿಗೆ ಹಂಚಬೇಕು, ಆದರೆ ಪ್ರತಿ ಹಳ್ಳಿಯಲ್ಲೂ ಆಯ್ದ ಒಂದೇ ತುಂಡು ಭೂಮಿಗೆ ಒಟ್ಟಾಗಿ ಕೊಡಬೇಕು. ಆ ಬ್ಲಾಕಿನ ಒಂದು ಭಾಗದಲ್ಲಿ ಮಾತ್ರ ಕಬ್ಬಿನಂಥ ನೀರು ಕುಡಿಯುವ ಬೆಳೆ, ಉಳಿದದ್ದರಲ್ಲಿ ಕಡಿಮೆ ನೀರಿನ ಬೆಳೆ, ಸರದಿ ಪ್ರಕಾರ ಬದಲಾವಣೆ.

ಇದಕ್ಕೆ ವಿರೋಧ ಬಂತು. ಬಾರದೇ ಇರುತ್ತಾ? ಧಾರಾಳವಾಗಿ ಸಿಗ್ತಿದ್ದದ್ದನ್ನು ಅಳತೆ ಮಾಡಿ ಕೊಡ್ತೀನಿ ಅಂದರೆ ಯಾರಿಗೆ ಇಷ್ಟ? ಆದರೆ ಇವರು ಉಪದೇಶಕ್ಕೆ ನಿಲ್ಲಲಿಲ್ಲ. ಕಡಿಮೆ ನೀರಿನಲ್ಲಿ ಹೆಚ್ಚು ಜನಕ್ಕೆ ಬೆಳೆ ಬರುತ್ತೆ ಅನ್ನೋದು ಗದ್ದೆಯಲ್ಲಿ ಕಾಣೋ ಹಾಗೆ ಮಾಡಿದರು. ಒಬ್ಬನ ಪೋಲು ಇನ್ನೊಬ್ಬನ ಬರ ಅನ್ನೋದು ಒಂದೇ ಬ್ಲಾಕಿನಲ್ಲಿದ್ದಾಗ ಕಣ್ಣಿಗೆ ಕಾಣುತ್ತೆ. ಹದಿನೈದು ಮಹಡಿಯ ಟೆಕ್ ಪಾರ್ಕಿನಲ್ಲಿ ಇದು ಕಾಣಲ್ಲ, ಅದೇ ನಮ್ಮ ತಾಪತ್ರಯ. ನಾಲ್ಕನೇ ಮಹಡಿಯಲ್ಲಿ ಹರಿದುಹೋದ ನೀರಿಗೂ, ಹೊರಗೆ ಗೇಟಿನ ಹತ್ತಿರ ನಿಂತ ಟ್ಯಾಂಕರಿಗೂ ಇರೋ ಸಂಬಂಧ ಯಾವ ಉದ್ಯೋಗಿಯ ಕಣ್ಣಿಗೂ ಬೀಳಲ್ಲ. ಬಿಲ್ಲು ಯಾರೋ ಕಟ್ತಾರೆ.

2024ರ ಬೇಸಿಗೆಯಲ್ಲಿ ಮಾತ್ರ ಬಿತ್ತು. ನಮ್ಮ ವೈಟ್‌ಫೀಲ್ಡ್ ಕಡೆ ಬೋರ್‌ವೆಲ್‌ಗಳು ಒಣಗಿ ಜನ ಟ್ಯಾಂಕರ್ ಕಾಯುತ್ತಾ ನಿಂತದ್ದು ಸೀನಿಯರ್‌ಗಳಿಗೆ ನೆನಪಿರುತ್ತೆ. ಆ ಮಾರ್ಚ್‌ನಲ್ಲಿ ಜಲಮಂಡಳಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಆದೇಶ ಮಾಡಿತು. ಅದರ ಜೊತೆಗೇ ಬಂದ ಇನ್ನೊಂದು ಆದೇಶ ಅಷ್ಟು ಸುದ್ದಿಯಾಗಲಿಲ್ಲ: ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರೇಟರ್ ಕಡ್ಡಾಯ. ನಲ್ಲಿಯ ಬಾಯಿಗೆ ಸಿಕ್ಕಿಸುವ ಆ ಪುಟ್ಟ ಜಾಲರಿ ನೀರಿಗೆ ಗಾಳಿ ಬೆರೆಸುತ್ತೆ. ಕೈಗೆ ಧಾರೆ ಅಷ್ಟೇ ಇದ್ದ ಹಾಗೆ ಅನ್ನಿಸುತ್ತೆ, ನೀರು ಕಡಿಮೆ ಹರಿಯುತ್ತೆ. ಆ ಆದೇಶ ಓದಿದಾಗ ನಮಗೆ ಖಡಕ್‌ವಾಸ್ಲಾದ ಗೇಟು ನೆನಪಾಯಿತು. ಬೆಲೆಯಲ್ಲಿ ಅಜಗಜಾಂತರ, ಯೋಚನೆ ಒಂದೇ.

ಮುಂದಿನದನ್ನು ಬೇಗ ಹೇಳಿಬಿಡ್ತೇವೆ. ಏಡನ್‌ಗೆ ಹೋಗಿ ನೀರು, ಒಳಚರಂಡಿಯ ಯೋಜನೆ ಕೊಟ್ಟರು. 1908ರಲ್ಲಿ ಮುಂಬೈ ಸರ್ಕಾರದ ಕೆಲಸ ಬಿಟ್ಟರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ಮುಳುಗಿದಾಗ ನಿಜಾಮರ ಸರ್ಕಾರ ಇವರನ್ನು ಕರೆಸಿತು. ಊರನ್ನು ಮುಳುಗಿಸಿದ ನೀರನ್ನೇ ಮೇಲೆ ಹಿಡಿದು ಊರಿಗೆ ಕುಡಿಸುವ ಜಲಾಶಯಗಳ ಸಲಹೆ ಕೊಟ್ಟರು. ಇವತ್ತಿನ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಹಾಗೆ ಬಂದದ್ದು. 1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್, 1911ರಲ್ಲಿ ಕನ್ನಂಬಾಡಿ ಕೆಲಸ ಶುರು, 1912ರಲ್ಲಿ ದಿವಾನರು. ಬ್ಯಾಂಕು, ವಿಶ್ವವಿದ್ಯಾನಿಲಯ, ಸಾಹಿತ್ಯ ಪರಿಷತ್ತು, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು, ಇವೆಲ್ಲ ನಿಮಗೆ ಗೊತ್ತಿರೋದೇ, ಕ್ವಿಜ್‌ನಲ್ಲಿ ಬರುತ್ತೆ.

ಕ್ವಿಜ್‌ನಲ್ಲಿ ಬಾರದ ಒಂದು ವಿಷಯ ಇದೆ. ದಿವಾನರಾದ ಮೇಲೆ ಅವರು ಎಫಿಷಿಯೆನ್ಸಿ ಆಡಿಟ್ ಅನ್ನೋ ವ್ಯವಸ್ಥೆ ತಂದರು. ದುಡ್ಡಿನ ಲೆಕ್ಕ ಸರಿ ಇದೆಯಾ ಅಂತ ನೋಡೋ ಆಡಿಟ್ ಎಲ್ಲ ಕಡೆ ಇರುತ್ತೆ. ಇದು ಹಾಗಲ್ಲ, ಕಚೇರಿ ಕೆಲಸ ಮಾಡುವ ರೀತಿ ಸರಿ ಇದೆಯಾ ಅಂತ ನೋಡೋದು. ಸಮಯವೂ ಒಂದು ಸಾಮಗ್ರಿ, ಅದೂ ಪೋಲಾಗುತ್ತೆ ಅನ್ನೋದು ಅವರ ನಂಬಿಕೆ. ಅವರ ಕೈಕೆಳಗೆ ಕೆಲಸ ಮಾಡೋದು ಸುಲಭವಾಗಿರಲಿಕ್ಕಿಲ್ಲ ಅಂತ ನಮಗನ್ಸುತ್ತೆ. ನಮ್ಮಲ್ಲಿ ಎಷ್ಟು ಜನ ಅವರ ಕಚೇರಿಯಲ್ಲಿ ಒಂದು ವಾರ ಬಾಳ್ತಿದ್ವಿ, ಹೇಳೋದು ಕಷ್ಟ. ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಕೊಡುವ ವಿಷಯದಲ್ಲಿ ಮಹಾರಾಜರ ಜೊತೆ ಭಿನ್ನಾಭಿಪ್ರಾಯ ಬಂದು 1918ರ ಕೊನೆಗೆ ದಿವಾನಗಿರಿ ಬಿಟ್ಟರು. ದಕ್ಷತೆಯ ಅವರ ಲೆಕ್ಕದಲ್ಲಿ ನ್ಯಾಯಕ್ಕೆ ಎಷ್ಟು ಜಾಗ ಇತ್ತು ಅನ್ನೋದು ಇವತ್ತಿಗೂ ವಾದವಾಗುವ ವಿಷಯ. ಅದನ್ನು ಮುಚ್ಚಿಟ್ಟು ಬರೀ ಹೊಗಳಿಕೆ ಬರೆಯೋದು ಅವರಿಗೂ ಇಷ್ಟವಾಗ್ತಿರಲಿಲ್ಲ.

ಈಗ ಭದ್ರಾವತಿಗೆ ಬರೋಣ. ನಮ್ಮ ಮಟ್ಟಿಗೆ ಅವರ ಜೀವನದ ಅತ್ಯಂತ ಕಷ್ಟದ ಅಧ್ಯಾಯ ಇದೇ, ಉದ್ಯೋಗಿಗಳೂ ಪರಿಸರವೂ ನೇರವಾಗಿ ಎದುರುಬದುರಾಗೋದೂ ಇಲ್ಲೇ.

ಮೈಸೂರು ಸೀಮೆಯಲ್ಲಿ ಕಬ್ಬಿಣದ ಅದಿರು ಇತ್ತು, ಕಲ್ಲಿದ್ದಲು ಇರಲಿಲ್ಲ. ಇದ್ದದ್ದು ಮಲೆನಾಡಿನ ಕಾಡು. ಹಾಗಾಗಿ ಮರದ ಇದ್ದಿಲಿನಿಂದ ಕಬ್ಬಿಣ ಕರಗಿಸುವ ಕಾರ್ಖಾನೆಯ ಯೋಜನೆ ಹುಟ್ಟಿತು. 1923ರಲ್ಲಿ ಕುಲುಮೆ ಹೊತ್ತಿತು. ಆ ಹೊತ್ತಿಗೆ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಬಿದ್ದುಹೋಗಿತ್ತು, ಕಾರ್ಖಾನೆ ನಷ್ಟಕ್ಕೆ ಇಳಿಯಿತು. ಆಗ ಇವರನ್ನು ಅಧ್ಯಕ್ಷರನ್ನಾಗಿ ಕರೆದರು. 1923ರಿಂದ 1929ರವರೆಗೆ ನಡೆಸಿದರು. ದುಬಾರಿ ಸಂಬಳದ ವಿದೇಶಿ ತಜ್ಞರ ಜಾಗಕ್ಕೆ ಇಲ್ಲಿಯವರನ್ನು ತರಬೇತಿ ಕೊಟ್ಟು ತಂದರು. ಖರ್ಚಿನ ಪ್ರತಿ ತೂತನ್ನೂ ಹುಡುಕಿ ಮುಚ್ಚಿದರು.

ಆ ಕಾರ್ಖಾನೆಯ ಮೂಲ ಹೆಸರಿನಲ್ಲೇ ಮರದ ಭಟ್ಟಿ ಇಳಿಸುವಿಕೆ ಅನ್ನೋ ಮಾತಿತ್ತು, ಕಬ್ಬಿಣ ಅನ್ನೋದು ಅದರ ನಂತರ. ಮಣ್ಣಿನ ಗೂಡಿನಲ್ಲಿ ಕಟ್ಟಿಗೆ ಸುಟ್ಟರೆ ಇದ್ದಿಲು ಸಿಗುತ್ತೆ, ಉಳಿದದ್ದೆಲ್ಲ ಹೊಗೆಯಾಗಿ ಗಾಳಿಗೆ. ಇಲ್ಲಿ ಹಾಗಲ್ಲ. ಮುಚ್ಚಿದ ಪಾತ್ರೆಗಳಲ್ಲಿ ಕಟ್ಟಿಗೆ ಕಾಯಿಸಿ, ಬಂದ ಹೊಗೆಯನ್ನು ತಣಿಸಿ, ಅದರಿಂದ ಮೆಥನಾಲ್, ಅಸಿಟೇಟ್, ಟಾರು ತೆಗೀತಿದ್ರು. ನಮ್ಮ ಕೆಮಿಕಲ್ ಬ್ರಾಂಚಿನವರು ಇದನ್ನು ಲ್ಯಾಬಿನಲ್ಲಿ ಮಾಡಿ ನೋಡಬಹುದು. ಇವತ್ತು ವೇಸ್ಟ್ ಮ್ಯಾನೇಜ್‌ಮೆಂಟ್ ಅಂತ ದೊಡ್ಡ ಸ್ಲೈಡು ಹಾಕ್ತಾರಲ್ಲ, ಅದರ ಅಚ್ಚುಕಟ್ಟಾದ ಮಾದರಿ ನೂರು ವರ್ಷದ ಹಿಂದೆ ಭದ್ರಾವತಿಯಲ್ಲಿ ನಡೀತಿತ್ತು. ಶ್ರೀಗಂಧದ ವಿಷಯದಲ್ಲೂ ಇದೇ ಆಗಿತ್ತು: ಯುದ್ಧದಿಂದ ಜರ್ಮನಿಗೆ ಗಂಧದ ಮರ ಹೋಗೋದು ನಿಂತು ಮಾಲು ರಾಶಿ ಬಿದ್ದಾಗ, 1916ರಲ್ಲಿ ಇಲ್ಲೇ ಎಣ್ಣೆ ತೆಗೆಯೋಕೆ ಶುರು ಮಾಡಿದರು. ಮೈಸೂರು ಸ್ಯಾಂಡಲ್ ಸೋಪು ಆ ದಾರಿಯಲ್ಲೇ ಬಂದದ್ದು.

ಆದರೆ ಕಟ್ಟಿಗೆ ಎಲ್ಲಿಂದ ಬಂತು? ಕಾಡಿನಿಂದ. ಹೊಗೆಯ ಹನಿ ಹನಿಯನ್ನೂ ಪೋಲಾಗದಂತೆ ಹಿಡಿದ ಕಾರ್ಖಾನೆ, ಮಲೆನಾಡಿನ ಮರಗಳನ್ನು ವರ್ಷಗಟ್ಟಲೆ ಇದ್ದಿಲು ಮಾಡಿತು. ಇದನ್ನು ಓದಿದ ದಿನ ನಮ್ಮ ಬಳಗದಲ್ಲಿ ದೊಡ್ಡ ಜಗಳವೇ ಆಯ್ತು. ಒಬ್ಬರು ಹೇಳಿದ್ದು, ಆ ಕಾಲಕ್ಕೆ ಅದೇ ಪ್ರಗತಿ, ಇವತ್ತಿನ ಕಣ್ಣಿನಿಂದ ಅಳೆಯಬಾರದು ಅಂತ. ಇನ್ನೊಬ್ಬರು, ಜೋಗ ಜಲಪಾತ ನೋಡಿ ಎಷ್ಟು ಶಕ್ತಿ ವ್ಯರ್ಥವಾಗ್ತಿದೆ ಅಂತ ಅವರು ಮರುಗಿದರು ಅನ್ನೋ ಪ್ರಸಿದ್ಧ ಕಥೆ ನೆನಪಿಸಿದರು. ಕಥೆ ನಡೆದದ್ದೋ ಕಟ್ಟಿದ್ದೋ, ಅವರ ಮನಸ್ಸಿಗೆ ಹೊಂದುವಂಥದ್ದು ಅನ್ನೋದಂತೂ ಹೌದು. ಅವರಿಗೆ ಪೋಲು ಅಂದರೆ ಮನುಷ್ಯನ ಉಪಯೋಗಕ್ಕೆ ಬಾರದೇ ಹೋಗೋದು. ಸಮುದ್ರಕ್ಕೆ ಹರಿಯೋ ನದಿ ಪೋಲು, ಹಾಗೇ ನಿಂತ ಕಾಡೂ ಒಂದು ರೀತಿಯಲ್ಲಿ ಪೋಲೇ. ಆ ಲೆಕ್ಕದ ಪುಸ್ತಕದಲ್ಲಿ ಮೀನಿಗೂ, ಹಕ್ಕಿಗೂ, ಕನ್ನಂಬಾಡಿಯಲ್ಲಿ ಮುಳುಗಿದ ಹಳ್ಳಿಯವರ ನೆನಪಿಗೂ ಕಾಲಂ ಇರಲಿಲ್ಲ.

ಈ ಕಥೆಗೆ ಒಂದು ವಿಚಿತ್ರ ತಿರುವು ಇದೆ. 1950ರ ದಶಕದಲ್ಲಿ ಭದ್ರಾವತಿಗೆ ಕಬ್ಬಿಣ ಕರಗಿಸುವ ವಿದ್ಯುತ್ ಕುಲುಮೆಗಳು ಬಂದವು. ಅವುಗಳಿಗೆ ಕರೆಂಟು ಬಂದದ್ದು ಜೋಗದಿಂದ. ಜಲಪಾತದ ನೀರನ್ನು ತಿರುಗಿಸಿದ್ದರಿಂದ ಕಾಡಿನ ಮೇಲಿನ ಭಾರ ಇಳಿಯಿತು. ಯಾವುದು ಉಳಿತಾಯ, ಯಾವುದು ನಷ್ಟ ಅಂತ ನಾವು ಕ್ಯಾಂಟೀನ್ ಮುಚ್ಚುವವರೆಗೂ ವಾದ ಮಾಡಿದರೂ ತೀರ್ಮಾನವಾಗಲಿಲ್ಲ.

ಒಂದು ಮಾತಿನಲ್ಲಿ ಮಾತ್ರ ಒಮ್ಮತವಾಯ್ತು. ಅವರಿಂದ ನಾವು ಕಲಿಯಬೇಕಾದದ್ದು ಅವರ ಪಟ್ಟಿಯನ್ನಲ್ಲ, ಪೋಲಿನ ಜಾಗ ಹುಡುಕೋ ರೀತಿಯನ್ನು. ಉದ್ಯೋಗಿ ಕೆಟ್ಟವನು, ಅವನಿಗೆ ಬುದ್ಧಿ ಹೇಳೋಣ ಅಂತ ಅವರು ಶುರು ಮಾಡ್ತಿರಲಿಲ್ಲ. ನೀರು ಎಲ್ಲಿ ಸೋರ್ತಿದೆ, ಎಷ್ಟು, ಯಾಕೆ, ಅದು ನಿಂತರೆ ಯಾರಿಗೆ ಲಾಭ ಅಂತ ಶುರು ಮಾಡ್ತಿದ್ರು. ನಮ್ಮ ಇಂಟರ್ನ್ ಗೆಳೆಯರ ಆಫೀಸಿಗೆ ಅವರು ಬಂದಿದ್ದರೆ ಪೋಸ್ಟರ್ ಓದ್ತಾ ನಿಲ್ತಿರಲಿಲ್ಲ. ಮೊದಲು ನಲ್ಲಿಯ ವಾಷರ್ ಬದಲಾಯಿಸಿ, ಮಹಡಿಗೊಂದು ನೀರಿನ ಮೀಟರ್ ಹಾಕಿಸಿ, ಅದರ ಅಂಕಿಯನ್ನು ಎಲ್ಲರಿಗೂ ಕಾಣೋ ಜಾಗದಲ್ಲಿ ಬರೆಸ್ತಿದ್ರೇನೋ. ಮೀಟಿಂಗ್‌ಗೆ ತಡವಾಗಿ ಬಂದವರನ್ನು ಹೊರಗೆ ನಿಲ್ಲಿಸ್ತಿದ್ರು ಅನ್ನೋದೂ ಅನುಮಾನ ಬೇಡ.

ಭದ್ರಾವತಿಯ ಸೇವೆಗಾಗಿ ತಮಗೆ ಬರಬೇಕಿದ್ದ ದೊಡ್ಡ ಮೊತ್ತವನ್ನು ಅವರು ಕೈಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ಬಿಟ್ಟುಕೊಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ಅದು ಶುರುವಾಯಿತು, ತಮ್ಮ ಹೆಸರಿಡಲು ಒಪ್ಪದೆ ಮಹಾರಾಜರ ಹೆಸರಿಡಿಸಿದರು. ನಾವು ಎಸ್‌ಜೆಪಿ ಅಂತ ಕರೆಯೋ ಪಾಲಿಟೆಕ್ನಿಕ್ ಅದೇ. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ನಮ್ಮ ಜೊತೆ ಸೇರಿದವರಲ್ಲಿ ಅಲ್ಲಿಂದ ಬಂದವರೂ ಇದ್ದಾರೆ. ವಾಷರ್ ಬದಲಾಯಿಸೋಕೆ ನಮಗಿಂತ ಅವರಿಗೇ ಚೆನ್ನಾಗಿ ಬರುತ್ತೆ, ಒಪ್ಪಿಕೊಳ್ಳೋಣ.

1955ರಲ್ಲಿ ಭಾರತರತ್ನ ಬಂತು. ನೂರು ತುಂಬಿದ ಮೇಲೆ, 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅಂತ್ಯಸಂಸ್ಕಾರ ನಡೆದದ್ದು ಮುದ್ದೇನಹಳ್ಳಿಯಲ್ಲೇ. ಸಮಾಧಿ ಅಲ್ಲಿದೆ, ಅವರ ಮನೆ ಈಗ ಮ್ಯೂಸಿಯಂ. ಪ್ರತಿ ಭಾನುವಾರ ಬೆಳಗಿನ ಜಾವ ಬೈಕ್ ಹತ್ತಿ ನಂದಿಬೆಟ್ಟಕ್ಕೆ ಸೂರ್ಯೋದಯ ನೋಡೋಕೆ ಓಡೋ ನಮ್ಮ ಹುಡುಗರು ಬೆಟ್ಟ ಇಳಿದ ಮೇಲೆ ಸ್ವಲ್ಪ ಬಳಸಿದರೆ ಸಾಕು, ಊರು ಸಿಗುತ್ತೆ. ಮುಂದಿನ ತಿಂಗಳು ಬಳಗದಿಂದ ಹೋಗೋಣ ಅಂತಿದ್ದೇವೆ. ಹೆಸರು ಕೊಡೋರು ನೋಟಿಸ್ ಬೋರ್ಡಿನ ಹತ್ತಿರ ಬರೆದಿಡಿ. ಬಸ್ಸಿನಲ್ಲಿ ಹೋಗೋದು, ನೀರಿನ ಬಾಟಲಿ ಮನೆಯಿಂದ ತನ್ನಿ, ಮತ್ತೆ ದಯವಿಟ್ಟು ಹೇಳಿದ ಟೈಮಿಗೆ ಬನ್ನಿ.